ಮೈಗ್ರೇನ್‌ಗೆ ಮಾತ್ರೆ, ಮನೆಮದ್ದು, ಗಾಂಜಾ: ಯಾವುದನ್ನು, ಯಾವಾಗ, ಎಷ್ಟು?

ಗಾಂಜಾದ ಎಣ್ಣೆಯನ್ನು ನಾಲಿಗೆಯಡಿ ಎರಡು ಹನಿ ಬಿಟ್ಟುಕೊಂಡರೆ ಮೈಗ್ರೇನ್ ಇಳಿಯುತ್ತದೆ ಎಂಬ ಜಾಹೀರಾತುಗಳು ಈಗ ಮೊಬೈಲ್ ತೆರೆದವರಿಗೆಲ್ಲ ಕಾಣಿಸುತ್ತಿವೆ. ಅಮೆರಿಕದಲ್ಲೋ ಕೆನಡಾದಲ್ಲೋ ಇರುವ ನೆಂಟರು ಫೋನಿನಲ್ಲಿ ಅದನ್ನೇ ಹೇಳುತ್ತಾರೆ. ತಿಂಗಳಿಗೆ ನಾಲ್ಕೈದು ಸಲ ಕಿಟಕಿ ಮುಚ್ಚಿ, ತಲೆಗೆ ಬಟ್ಟೆ ಬಿಗಿದು ಮಲಗುವವರಿಗೆ ಇದನ್ನು ಕೇಳಿ ಆಸೆ ಹುಟ್ಟುವುದು ಸಹಜ. ಈ ಬರಹ ಅಂಥವರಿಗಾಗಿ. ನನ್ನ ನಿಲುವನ್ನು ಮೊದಲೇ ಹೇಳುತ್ತೇನೆ. ಗಾಂಜಾಕ್ಕೆ ಮೈಗ್ರೇನ್ ನೋವನ್ನು ತಗ್ಗಿಸುವ ಶಕ್ತಿ ಇದೆ ಎನ್ನಲು ಈಗ ಒಂದು ಒಳ್ಳೆಯ ಪುರಾವೆ ಇದೆ. ಆದರೂ ಚಿಕಿತ್ಸೆಗಳ ಸಾಲಿನಲ್ಲಿ ಅದು ನಿಲ್ಲಬೇಕಾದದ್ದು ಕೊನೆಯಲ್ಲಿ. ಅದಕ್ಕೂ ಮುಂಚೆ ಮಾಡಬೇಕಾದ, ಅಗ್ಗದ, ಹೆಚ್ಚು ಭರವಸೆಯ ಕೆಲಸಗಳನ್ನು ನಮ್ಮಲ್ಲಿ ಬಹಳಷ್ಟು ಜನ ಮಾಡಿಯೇ ಇರುವುದಿಲ್ಲ. ಅದು ನನಗೆ ನಿಜವಾಗಿಯೂ ನೋವು ತರುವ ಸಂಗತಿ.

ಕಾಯಿಲೆಯೇನೂ ಅಪರೂಪದ್ದಲ್ಲ. ನಿಮ್ಹಾನ್ಸ್‌ನ ಸಂಶೋಧಕರು ಬೆಂಗಳೂರಿನಲ್ಲೂ ಸುತ್ತಲಿನ ಹಳ್ಳಿಗಳಲ್ಲೂ 18ರಿಂದ 65 ವರ್ಷದೊಳಗಿನ 2,329 ಜನರನ್ನು ಮಾತನಾಡಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಿಂದಿನ ಒಂದು ವರ್ಷದಲ್ಲಿ ಶೇಕಡ 25ರಷ್ಟು ಜನರಿಗೆ ಮೈಗ್ರೇನ್ ಬಂದಿತ್ತು. ನಾಲ್ವರಲ್ಲಿ ಒಬ್ಬರು. ಆ ಒಬ್ಬರು ಹೆಂಗಸಾಗಿರುವ ಸಂಭವವೇ ಹೆಚ್ಚು. ಮನೆಯಲ್ಲಿ ಅದನ್ನು ‘ಪಿತ್ತ’ ಎಂದೋ ‘ಸೈನಸ್’ ಎಂದೋ ಕರೆದು, ಸಹಿಸಿಕೊಂಡು ಅಡುಗೆಗೆ ನಿಂತಿರುವ ಸಂಭವವೂ ಅಷ್ಟೇ ಇದೆ.

ಮೊದಲ ಹೆಜ್ಜೆ: ಇದು ಮೈಗ್ರೇನ್ ಹೌದೇ ಎಂದು ನೋಡಿಕೊಳ್ಳಿ

ಮೈಗ್ರೇನ್‌ಗೆ ರಕ್ತಪರೀಕ್ಷೆ ಇಲ್ಲ. ಸ್ಕ್ಯಾನ್‌ನಲ್ಲಿ ಅದು ಕಾಣುವುದಿಲ್ಲ. ಗುರುತಿಸುವುದು ನೋವಿನ ಸ್ವಭಾವದಿಂದಲೇ. ಔಷಧ ತೆಗೆದುಕೊಳ್ಳದಿದ್ದರೆ ನೋವು 4 ಗಂಟೆಯಿಂದ 72 ಗಂಟೆಯವರೆಗೆ ಇರುತ್ತದೆ. ಸಾಮಾನ್ಯವಾಗಿ ತಲೆಯ ಒಂದು ಪಕ್ಕಕ್ಕೆ ಹಿಡಿಯುತ್ತದೆ, ನಾಡಿಯಂತೆ ಮಿಡಿಯುತ್ತದೆ, ಕೆಲಸ ಮಾಡಲು ಬಿಡದಷ್ಟು ಜೋರಾಗಿರುತ್ತದೆ, ಮೆಟ್ಟಿಲು ಹತ್ತಿದರೆ ಹೆಚ್ಚುತ್ತದೆ. ಈ ನಾಲ್ಕರಲ್ಲಿ ಎರಡಾದರೂ ಇರಬೇಕು. ಜೊತೆಗೆ ಹೊಟ್ಟೆ ತೊಳೆಸುವುದು ಅಥವಾ ವಾಂತಿ, ಇಲ್ಲವೇ ಬೆಳಕು ಮತ್ತು ಸದ್ದು ಎರಡೂ ಸಹಿಸಲಾಗದಿರುವುದು ಇರಬೇಕು. ಇಂಥ ನೋವು ಕನಿಷ್ಠ ಐದು ಸಲವಾದರೂ ಬಂದಿದ್ದರೆ ವೈದ್ಯರು ಅದನ್ನು ಮೈಗ್ರೇನ್ ಎನ್ನುತ್ತಾರೆ. ಕೆಲವರಿಗೆ ನೋವಿಗೆ ಮುಂಚೆ ಕಣ್ಣ ಮುಂದೆ ಅಂಕುಡೊಂಕಾದ ಮಿಂಚಿನ ಗೆರೆಗಳು ಕಾಣುತ್ತವೆ, ಅಥವಾ ಕೈ, ತುಟಿ ಜುಮ್ಮೆನ್ನುತ್ತವೆ. ಇದಕ್ಕೆ ಔರಾ ಎನ್ನುತ್ತಾರೆ. ಅದು ಐದು ನಿಮಿಷದಿಂದ ಒಂದು ಗಂಟೆಯವರೆಗೆ ಇದ್ದು ಹೋಗುತ್ತದೆ.

‘ಸೈನಸ್ ತಲೆನೋವು’ ಎಂದು ವರ್ಷಗಟ್ಟಲೆ ಆವಿ ತೆಗೆದುಕೊಂಡು, ಆಂಟಿಬಯಾಟಿಕ್ ನುಂಗಿ ದಣಿದವರು ಈ ಲಕ್ಷಣಗಳನ್ನು ಇನ್ನೊಮ್ಮೆ ಓದಿ. ಮೈಗ್ರೇನ್‌ನಲ್ಲೂ ಮೂಗು ಕಟ್ಟುತ್ತದೆ, ಕಣ್ಣಲ್ಲಿ ನೀರು ಬರುತ್ತದೆ. ಜ್ವರವಾಗಲೀ ಹಳದಿ ಸಿಂಬಳವಾಗಲೀ ಇಲ್ಲದೆ ಮರಳಿ ಮರಳಿ ಬರುವ ನೋವು ಸೈನಸ್‌ಗಿಂತ ಮೈಗ್ರೇನ್ ಆಗಿರುವುದೇ ಹೆಚ್ಚು.

ಮನೆಯಲ್ಲಿ ಕೂರಬಾರದ ತಲೆನೋವುಗಳೂ ಇವೆ. ಒಂದೇ ನಿಮಿಷದಲ್ಲಿ ಸಿಡಿಲು ಬಡಿದಂತೆ ತುತ್ತತುದಿಗೇರಿದ ನೋವು, ಜ್ವರದ ಜೊತೆ ಕತ್ತು ಬಿಗಿದಿರುವುದು, ಕೈಕಾಲಿನ ಬಲ ಕುಂದಿ ಮಾತು ತೊದಲುವುದು, ಫಿಟ್ಸ್, ತಲೆಗೆ ಪೆಟ್ಟು ಬಿದ್ದ ಮೇಲಿನ ನೋವು, 50 ವರ್ಷದ ನಂತರ ಮೊದಲ ಬಾರಿ ಶುರುವಾದ ನೋವು, ವಾರದಿಂದ ವಾರಕ್ಕೆ ಹೆಚ್ಚುತ್ತಲೇ ಹೋಗುವ ನೋವು: ಇವುಗಳಲ್ಲಿ ಯಾವುದೇ ಇದ್ದರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಬಾಣಂತಿಯರ ವಿಷಯವನ್ನು ಬೇರೆಯಾಗಿಯೇ ಹೇಳಬೇಕು. ಹೆರಿಗೆಯಾದ ಮೊದಲ ವಾರಗಳಲ್ಲಿ ಬಿಡದೆ ಕಾಡುವ ತಲೆನೋವು ಮಿದುಳಿನ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿದ್ದರಿಂದಲೂ ಇರಬಹುದು. ‘ಶೀತ ಆಗಿದೆ, ತಲೆಗೆ ಬಟ್ಟೆ ಕಟ್ಟಿಕೊ’ ಎಂದು ಆಕೆಯನ್ನು ಮಲಗಿಸಬೇಡಿ.

ಎರಡನೆಯದು: ಒಂದು ಕ್ಯಾಲೆಂಡರ್ ಸಾಕು

ಗೋಡೆಯ ಮೇಲಿನ ಕ್ಯಾಲೆಂಡರೇ ಆಗಬಹುದು. ನೋವು ಬಂದ ದಿನಕ್ಕೆ ಒಂದು ಗುರುತು, ಮಾತ್ರೆ ನುಂಗಿದ ದಿನಕ್ಕೆ ಇನ್ನೊಂದು, ಮುಟ್ಟಿನ ದಿನಗಳಿಗೆ ಮತ್ತೊಂದು. ಮೂರು ತಿಂಗಳು ಇಷ್ಟನ್ನೇ ಮಾಡಿ. ಮುಂದಿನ ಎಲ್ಲ ನಿರ್ಧಾರಗಳೂ ಈ ಗುರುತುಗಳ ಮೇಲೆ ನಿಂತಿವೆ.

ನೋವು ಬಂದ ಹಿಂದಿನ ದಿನ ಏನಾಯಿತು ಎಂದೂ ಎರಡು ಮಾತು ಬರೆದಿಡಿ. ಊಟ ತಪ್ಪಿತೇ? ಏಕಾದಶಿಯ ಉಪವಾಸ, ಮದುವೆ ಮನೆಯಲ್ಲಿ ಮೂರು ಗಂಟೆಗೆ ಸಿಕ್ಕ ಊಟ, ರಂಜಾನ್‌ನ ಮೊದಲ ದಿನಗಳು ಬಹಳ ಜನರಿಗೆ ನೋವು ತರುತ್ತವೆ. ನಿದ್ದೆಗೆಟ್ಟರೂ ಬರುತ್ತದೆ, ಭಾನುವಾರ ಹತ್ತು ಗಂಟೆಯವರೆಗೆ ಮಲಗಿದರೂ ಬರುತ್ತದೆ. ಬಿಸಿಲು, ಘಾಟಿಯ ಬಸ್ ಪ್ರಯಾಣ, ಅಗರಬತ್ತಿ ಮತ್ತು ಸೆಂಟಿನ ವಾಸನೆ ಪಟ್ಟಿಯಲ್ಲಿ ಇದ್ದೇ ಇರುತ್ತವೆ. ನಮ್ಮ ದೇಶದ ಹೆಂಗಸರು ಹೇಳುವ ಒಂದು ಕಾರಣವನ್ನು ಬಹಳ ಕಾಲ ಯಾರೂ ಗಂಭೀರವಾಗಿ ಕೇಳಿರಲಿಲ್ಲ: ತಲೆಸ್ನಾನ. ಮುಂಬೈನ ತಲೆನೋವು ತಜ್ಞ ಡಾ. ಕೆ. ರವಿಶಂಕರ್ ತಲೆಸ್ನಾನದಿಂದ ಮೈಗ್ರೇನ್ ಬರುತ್ತಿದ್ದ 94 ಭಾರತೀಯ ರೋಗಿಗಳ ವಿವರವನ್ನು 2006ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. ಉದ್ದ ಕೂದಲು ಒದ್ದೆಯಾಗಿಯೇ ಇದ್ದರೆ ನೋವು ಬರುತ್ತದೆ ಎಂದು ನಿಮ್ಮ ಅಮ್ಮ ಹೇಳಿದ್ದರೆ ಅದು ಮೂಢನಂಬಿಕೆಯಲ್ಲ. ಅಂಥವರು ನಿದ್ದೆಗೆಟ್ಟ ದಿನ, ಉಪವಾಸದ ದಿನ ತಲೆಸ್ನಾನವನ್ನು ಮುಂದಕ್ಕೆ ಹಾಕಿ, ಕೂದಲನ್ನು ಬೇಗ ಒಣಗಿಸಿಕೊಂಡರೆ ಒಳ್ಳೆಯದು.

ಹಾಗೆಂದು ಹತ್ತು ತಿನಿಸು, ಹತ್ತು ಚಟುವಟಿಕೆಗಳನ್ನು ಬಿಟ್ಟು ಬದುಕನ್ನು ಸಣ್ಣದು ಮಾಡಿಕೊಳ್ಳಬೇಡಿ. ಕ್ಯಾಲೆಂಡರ್‌ನಲ್ಲಿ ಮೂರು ಸಲವಾದರೂ ಸಾಬೀತಾದ ಕಾರಣವನ್ನು ಮಾತ್ರ ದೂರವಿಡಿ. ಹೊತ್ತಿಗೆ ಸರಿಯಾಗಿ ಊಟ, ಹೊತ್ತಿಗೆ ಸರಿಯಾಗಿ ನಿದ್ದೆ, ಸಾಕಷ್ಟು ನೀರು ಇವು ಮಾತ್ರ ಎಲ್ಲರಿಗೂ ಅನ್ವಯಿಸುತ್ತವೆ.

ಮೂರನೆಯದು: ನೋವು ಶುರುವಾದ ಮೊದಲ ಅರ್ಧ ಗಂಟೆ

‘ಮಾತ್ರೆ ಬೇಡ, ಸ್ವಲ್ಪ ನೋಡೋಣ’ ಎಂದು ಕಾಯುವುದೇ ನಮ್ಮ ಜನರ ದೊಡ್ಡ ತಪ್ಪು. ಮೈಗ್ರೇನ್ ಏರುತ್ತಿದ್ದಂತೆ ಹೊಟ್ಟೆಯ ಚಲನೆ ನಿಧಾನವಾಗುತ್ತದೆ. ಆಮೇಲೆ ನುಂಗಿದ ಮಾತ್ರೆ ರಕ್ತಕ್ಕೆ ಸೇರಲು ತಡವಾಗುತ್ತದೆ, ವಾಂತಿಯಲ್ಲಿ ಹೊರಗೆ ಬಂದರೂ ಬಂದೀತು. ಆದ್ದರಿಂದ ನೋವು ಇನ್ನೂ ಸಣ್ಣದಾಗಿರುವಾಗಲೇ, ಸರಿಯಾದ ಪ್ರಮಾಣದಲ್ಲಿ ತೆಗೆದುಕೊಳ್ಳಬೇಕು.

ವಯಸ್ಕರಿಗೆ ಸಾಮಾನ್ಯವಾಗಿ ಹೇಳುವ ಪ್ರಮಾಣ ಹೀಗಿದೆ: ಐಬುಪ್ರೊಫೇನ್ 400 ಮಿಲಿಗ್ರಾಂ, ಅಥವಾ ನ್ಯಾಪ್ರೊಕ್ಸೆನ್ 500 ಮಿಲಿಗ್ರಾಂ, ಅಥವಾ ಆಸ್ಪಿರಿನ್ 900ರಿಂದ 1,000 ಮಿಲಿಗ್ರಾಂ. ಇವು ಒಗ್ಗದವರಿಗೆ ಪ್ಯಾರಾಸಿಟಮಾಲ್ 1,000 ಮಿಲಿಗ್ರಾಂ, ದಿನಕ್ಕೆ 4 ಗ್ರಾಂ ದಾಟದಂತೆ. ಯಕೃತ್ತಿನ ತೊಂದರೆ ಇರುವವರಿಗೆ ಇನ್ನೂ ಕಡಿಮೆ. ಇವುಗಳಲ್ಲಿ ಒಂದನ್ನು ಆರಿಸಿಕೊಳ್ಳಿ, ಎಲ್ಲವನ್ನೂ ಸೇರಿಸಬೇಡಿ. ಹೊಟ್ಟೆ ಹುಣ್ಣು, ಮೂತ್ರಪಿಂಡದ ಕಾಯಿಲೆ, ಹೃದ್ರೋಗ ಅಥವಾ ಆಸ್ತಮಾ ಇರುವವರು ಮೊದಲ ಮೂರನ್ನು ವೈದ್ಯರನ್ನು ಕೇಳದೆ ಮುಟ್ಟಬಾರದು. ಗರ್ಭಿಣಿಯರೂ ಅಷ್ಟೇ. ಮಕ್ಕಳಿಗೆ ಆಸ್ಪಿರಿನ್ ಬೇಡವೇ ಬೇಡ. ಇನ್ನೊಂದು ಮಾತು ನಮ್ಮ ಮಳೆಗಾಲಕ್ಕೆ ಸಂಬಂಧಿಸಿದ್ದು. ತಲೆನೋವಿನ ಜೊತೆ ಜ್ವರ ಇದ್ದರೆ ಡೆಂಗಿ ಅಲ್ಲ ಎಂದು ಖಚಿತವಾಗುವವರೆಗೆ ಐಬುಪ್ರೊಫೇನ್, ಆಸ್ಪಿರಿನ್ ಎರಡೂ ಬೇಡ, ರಕ್ತಸ್ರಾವದ ಅಪಾಯವಿದೆ. ಹೊಟ್ಟೆ ತೊಳೆಸುತ್ತಿದ್ದರೆ ಡೊಂಪೆರಿಡೋನ್ ಅಥವಾ ಮೆಟೊಕ್ಲೊಪ್ರಮೈಡ್ ಅನ್ನು ವೈದ್ಯರು ಬರೆದುಕೊಡುತ್ತಾರೆ. ಅವು ವಾಂತಿಯನ್ನು ತಡೆಯುವುದಷ್ಟೇ ಅಲ್ಲ, ನುಂಗಿದ ನೋವಿನ ಮಾತ್ರೆ ಬೇಗ ಕೆಲಸ ಮಾಡಲು ನೆರವಾಗುತ್ತವೆ.

ಇವು ಸಾಲದಿದ್ದವರು ಕೇಳಬೇಕಾದ ಹೆಸರು ಟ್ರಿಪ್ಟಾನ್. ಮೈಗ್ರೇನ್‌ಗೆಂದೇ ರೂಪಿಸಿದ ಔಷಧಗಳಿವು. ಮೊದಲನೆಯದಾದ ಸುಮಾಟ್ರಿಪ್ಟಾನ್ 1990ರ ದಶಕದ ಆರಂಭದಲ್ಲಿ ಬಂತು. ಭಾರತದಲ್ಲಿ ಅದೂ ರೈಜಾಟ್ರಿಪ್ಟಾನ್ ಕೂಡ ಚೀಟಿ ಇದ್ದರೆ ಔಷಧದಂಗಡಿಯಲ್ಲಿ ಸಿಗುತ್ತವೆ. ಸುಮಾಟ್ರಿಪ್ಟಾನ್ 50 ಅಥವಾ 100 ಮಿಲಿಗ್ರಾಂ, ರೈಜಾಟ್ರಿಪ್ಟಾನ್ 10 ಮಿಲಿಗ್ರಾಂ ಸಾಮಾನ್ಯ ಪ್ರಮಾಣ. ಮೈಗ್ರೇನ್ ತಡೆಯಲು ಕೊಡುವ ಪ್ರೊಪ್ರನೊಲಾಲ್ ತೆಗೆದುಕೊಳ್ಳುತ್ತಿರುವವರಿಗೆ ರೈಜಾಟ್ರಿಪ್ಟಾನ್ 5 ಮಿಲಿಗ್ರಾಂ ಸಾಕು. ನೋವು ಇಳಿದು ಮತ್ತೆ ಬಂದರೆ ಎರಡು ಗಂಟೆ ಬಿಟ್ಟು ಇನ್ನೊಂದು. ಔರಾ ಇರುವವರು ಮಿಂಚು ಕಾಣುವಾಗಲ್ಲ, ನೋವು ಶುರುವಾದಾಗ ನುಂಗಬೇಕು. ಹೃದಯಾಘಾತ, ಪಾರ್ಶ್ವವಾಯು ಆದವರಿಗೆ, ಹತೋಟಿಯಿಲ್ಲದ ರಕ್ತದೊತ್ತಡ ಇರುವವರಿಗೆ ಇವು ನಿಷಿದ್ಧ. ಎದೆ, ಕುತ್ತಿಗೆ ಸ್ವಲ್ಪ ಬಿಗಿದಂತಾಗುವುದು ಗೊತ್ತಿರುವ ಅಡ್ಡಪರಿಣಾಮವೇ ಆದರೂ ವೈದ್ಯರಿಗೆ ತಿಳಿಸಿ. ಇಷ್ಟು ಒಳ್ಳೆಯ ಔಷಧದ ಹೆಸರನ್ನೇ ಕೇಳದೆ ಇಪ್ಪತ್ತು ವರ್ಷ ಮೈಗ್ರೇನ್ ಅನುಭವಿಸಿದವರು ನಮ್ಮ ನಡುವೆ ಇದ್ದಾರೆ. ಗಾಂಜಾ ಬೇಕೇ ಎಂದು ಕೇಳುವ ಮುಂಚೆ ಟ್ರಿಪ್ಟಾನ್ ನೋಡಿದ್ದೀರಾ ಎಂದು ನಾನು ಕೇಳುವುದು ಇದಕ್ಕೇ.

ನಾಲ್ಕನೆಯದು: ಮಾತ್ರೆಯ ದಿನಗಳನ್ನು ಎಣಿಸಿ

ನೋವಿನ ಮಾತ್ರೆ ಅತಿಯಾದರೆ ಅದೇ ತಲೆನೋವು ತರುತ್ತದೆ. ಅಂತರರಾಷ್ಟ್ರೀಯ ಮಾನದಂಡ ಸ್ಪಷ್ಟವಾಗಿದೆ. ಟ್ರಿಪ್ಟಾನ್, ಅರ್ಗೊಟಮಿನ್ ಎಂಬ ಹಳೆಯ ಮೈಗ್ರೇನ್ ಔಷಧ, ಹಲವು ಔಷಧ ಬೆರೆಸಿದ ಮಾತ್ರೆಗಳಾದರೆ ತಿಂಗಳಿಗೆ 10 ದಿನ, ಪ್ಯಾರಾಸಿಟಮಾಲ್, ಐಬುಪ್ರೊಫೇನ್‌ನಂಥ ಸರಳ ಮಾತ್ರೆಗಳಾದರೆ 15 ದಿನ. ಮೂರು ತಿಂಗಳಿಗೂ ಹೆಚ್ಚು ಕಾಲ ಈ ಮಟ್ಟದಲ್ಲಿ ನುಂಗಿದರೆ, ವಾರಕ್ಕೊಮ್ಮೆ ಬರುತ್ತಿದ್ದ ನೋವು ದಿನನಿತ್ಯದ್ದಾಗಬಹುದು. ಇಲ್ಲಿ ಲೆಕ್ಕಕ್ಕೆ ಬರುವುದು ಮಾತ್ರೆಗಳ ಸಂಖ್ಯೆಯಲ್ಲ, ದಿನಗಳ ಸಂಖ್ಯೆ. ಸುರಕ್ಷಿತವಾಗಿರಲು ವಾರಕ್ಕೆ ಎರಡು ದಿನ ಎಂಬ ಮಿತಿ ಇಟ್ಟುಕೊಳ್ಳಿ.

ನಮ್ಮಲ್ಲಿ ಈ ಬಲೆಗೆ ಬೀಳುವುದು ಹೆಚ್ಚಾಗಿ ಅರ್ಗೊಟಮಿನ್, ಕೆಫೀನ್, ಪ್ಯಾರಾಸಿಟಮಾಲ್ ಬೆರೆಸಿದ ಅಗ್ಗದ ಮಾತ್ರೆಗಳಿಂದ. ಅಂಗಡಿಯಲ್ಲಿ ‘ತಲೆನೋವಿನ ಮಾತ್ರೆ ಕೊಡಿ’ ಎಂದರೆ ಅದೇ ಕೈಗೆ ಬರುವುದುಂಟು. ಅದನ್ನು ದಿನಾಲೂ ನುಂಗುವವರು ಪೊಟ್ಟಣದ ಹಿಂದೆ ಬರೆದಿರುವುದನ್ನು ಇಂದೇ ಓದಿ. ಅರ್ಗೊಟಮಿನ್ ರಕ್ತನಾಳಗಳನ್ನು ಕುಗ್ಗಿಸುತ್ತದೆ. ಗರ್ಭಿಣಿಯರಿಗೆ, ಹೃದ್ರೋಗಿಗಳಿಗೆ ಅಪಾಯಕಾರಿ. ಟ್ರಿಪ್ಟಾನ್ ನುಂಗಿದ 24 ಗಂಟೆಯೊಳಗೆ ಅದನ್ನು ತೆಗೆದುಕೊಳ್ಳಲೇಬಾರದು.

ಐದನೆಯದು: ಮನೆಮದ್ದಿನಲ್ಲಿ ಯಾವುದು ನಿಲ್ಲುತ್ತದೆ

ಶುಂಠಿ ನಿಲ್ಲುತ್ತದೆ. ವಾಕರಿಕೆಯ ಮೇಲೆ ಅದರ ಪರಿಣಾಮ ಚೆನ್ನಾಗಿ ಗೊತ್ತಿರುವಂಥದ್ದು. ಇರಾನಿನಲ್ಲಿ ನಡೆದ ಒಂದು ಪ್ರಯೋಗದಲ್ಲಿ ಒಣ ಶುಂಠಿ ಪುಡಿ ಸುಮಾಟ್ರಿಪ್ಟಾನ್‌ಗೆ ಸರಿಸಮವಾಗಿ ನೋವು ಇಳಿಸಿತು ಎಂಬ ವರದಿಯೂ ಇದೆ. ಒಂದೇ ಪ್ರಯೋಗವನ್ನು ನೆಚ್ಚಿಕೊಂಡು ಮಾತ್ರೆ ಬಿಡಬೇಕಿಲ್ಲ, ಮಾತ್ರೆಯ ಜೊತೆಗೆ ಶುಂಠಿ ಕಷಾಯ ಕುಡಿಯಲು ಅಡ್ಡಿಯೂ ಇಲ್ಲ. ಒಂದು ಲೋಟ ಗಟ್ಟಿ ಕಾಫಿ ಕೂಡ ನೋವಿನ ಆರಂಭದಲ್ಲಿ ಮಾತ್ರೆಗೆ ಬಲ ಕೊಡುತ್ತದೆ. ಆದರೆ ದಿನಕ್ಕೆ ಐದಾರು ಲೋಟ ಕುಡಿಯುವವರಿಗೆ ಕಾಫಿ ತಪ್ಪಿದ ದಿನವೇ ತಲೆನೋವಿನ ದಿನ. ಹಣೆಗೆ, ಕತ್ತಿನ ಹಿಂಭಾಗಕ್ಕೆ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ, ಕತ್ತಲೆ ಕೋಣೆ, ಒಂದು ತಾಸು ನಿದ್ದೆ: ಇವನ್ನು ಸೋಮಾರಿತನ ಎನ್ನುವವರ ಮಾತಿಗೆ ಕಿವಿಗೊಡಬೇಡಿ. ಹಣೆಗೆ ಹಚ್ಚುವ ಮುಲಾಮು ಹಿತ ಕೊಟ್ಟರೆ ಹಚ್ಚಿಕೊಳ್ಳಿ, ವಾಸನೆಯಿಂದಲೇ ನೋವು ಹೆಚ್ಚುವವರು ಬಿಡಿ.

ತಡೆಗಟ್ಟುವ ಪೂರಕಗಳಲ್ಲಿ ಎರಡಕ್ಕೆ ಒಂದಷ್ಟು ಆಧಾರವಿದೆ. ರೈಬೊಫ್ಲಾವಿನ್, ಅಂದರೆ ವಿಟಮಿನ್ ಬಿ2, ದಿನಕ್ಕೆ 400 ಮಿಲಿಗ್ರಾಂ. ಮೆಗ್ನೀಸಿಯಮ್ ದಿನಕ್ಕೆ ಸುಮಾರು 400 ಮಿಲಿಗ್ರಾಂ. ಮೂರು ತಿಂಗಳು ತೆಗೆದುಕೊಂಡು ನೋಡಬೇಕು. ಬಿ2ರಿಂದ ಮೂತ್ರ ಗಾಢ ಹಳದಿಯಾಗುತ್ತದೆ, ಹೆದರಬೇಕಿಲ್ಲ. ಮೆಗ್ನೀಸಿಯಮ್‌ನಿಂದ ಭೇದಿಯಾಗಬಹುದು, ಮೂತ್ರಪಿಂಡದ ತೊಂದರೆ ಇರುವವರಿಗೆ ಸಲ್ಲದು. ಆನ್‌ಲೈನ್‌ನಲ್ಲಿ ಸಿಗುವ ಬಟರ್‌ಬರ್ ಎಂಬ ಗಿಡಮೂಲಿಕೆಯನ್ನು ಮಾತ್ರ ದೂರವಿಡಿ, ಅದರಿಂದ ಯಕೃತ್ತು ಹಾಳಾದ ಉದಾಹರಣೆಗಳಿವೆ.

ಆರನೆಯದು: ತಿಂಗಳಿಗೆ ನಾಲ್ಕು ದಿನ ದಾಟಿದರೆ ತಡೆಯುವ ಔಷಧ

ಇದನ್ನು ವೈದ್ಯರೇ ಆರಿಸಬೇಕು, ಆದ್ದರಿಂದ ಹೆಸರುಗಳನ್ನಷ್ಟೇ ಹೇಳುತ್ತೇನೆ. ಪ್ರೊಪ್ರನೊಲಾಲ್ ಹಳೆಯದು, ಅಗ್ಗದ್ದು, ಆಸ್ತಮಾ ಇರುವವರಿಗೆ ಆಗದು. ಅಮಿಟ್ರಿಪ್ಟಿಲಿನ್ ಅನ್ನು ರಾತ್ರಿ 10 ಮಿಲಿಗ್ರಾಂನಿಂದ ಶುರುಮಾಡುತ್ತಾರೆ. ನಿದ್ದೆ ಬಾರದವರಿಗೆ ಅದು ಒಳ್ಳೆಯ ಜೊತೆ. ಟೊಪಿರಮೇಟ್ ಹಸಿವು ತಗ್ಗಿಸುತ್ತದೆ, ಬೆರಳು ಜುಮ್ಮೆನಿಸುತ್ತದೆ. ಬಸುರಾಗುವ ಯೋಚನೆ ಇರುವವರಿಗೆ ಅದೂ ಇದೇ ಸಾಲಿನ ಇನ್ನೊಂದು ಔಷಧ ವಾಲ್ಪ್ರೊಯೇಟ್ ಕೂಡ ಬೇಡ. ನಮ್ಮಲ್ಲಿ ಬಹಳವಾಗಿ ಬರೆಯುವ ಫ್ಲುನರಿಜಿನ್ ತೂಕ ಹೆಚ್ಚಿಸುತ್ತದೆ, ಕೆಲವರಿಗೆ ಮನಸ್ಸು ಕುಗ್ಗುತ್ತದೆ, ವಯಸ್ಸಾದವರಿಗೆ ಕೈ ನಡುಕ ತರಬಹುದು. ಸಿಜಿಆರ್‌ಪಿ ಎಂಬ ಪ್ರೋಟೀನನ್ನು ತಡೆಯುವ ಚುಚ್ಚುಮದ್ದುಗಳು 2018ರಿಂದ ಬಂದಿವೆ. ಪರಿಣಾಮಕಾರಿ, ಆದರೆ ದುಬಾರಿ. ಯಾವ ಔಷಧವಾದರೂ ಎರಡು ಮೂರು ತಿಂಗಳು ಕೊಡದೆ ‘ಕೆಲಸ ಮಾಡಲಿಲ್ಲ’ ಎನ್ನಬಾರದು. ಔರಾ ಇರುವ ಹೆಂಗಸರು ಈಸ್ಟ್ರೊಜೆನ್ ಇರುವ ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಪಾರ್ಶ್ವವಾಯುವಿನ ಅಪಾಯ ಹೆಚ್ಚುತ್ತದೆ. ಇದನ್ನು ಸ್ತ್ರೀರೋಗ ತಜ್ಞರಿಗೆ ನೀವಾಗಿಯೇ ಹೇಳಬೇಕು, ಅವರು ಕೇಳದೇ ಇರಬಹುದು.

ಏಳನೆಯದು: ಈಗ ಗಾಂಜಾ

ಮೈಗ್ರೇನ್‌ಗೆ ಗಾಂಜಾ ಹೊಸ ಯೋಚನೆಯಲ್ಲ. ವಿಲಿಯಂ ಓಶಾನೆಸ್ಸಿ ಎಂಬ ಐರಿಶ್ ವೈದ್ಯ ಕಲ್ಕತ್ತೆಯಲ್ಲಿ ಇಲ್ಲಿನ ವೈದ್ಯರು, ಹಕೀಮರಿಂದ ತಿಳಿದುಕೊಂಡು 1839ರಲ್ಲಿ ಬರೆದ ಮೇಲೆ ಅದು ಪಶ್ಚಿಮದ ಔಷಧಾಲಯಗಳಿಗೆ ಹೋಯಿತು. 1892ರ ತಮ್ಮ ವೈದ್ಯಕೀಯ ಪಠ್ಯಪುಸ್ತಕದಲ್ಲಿ ಆ ಕಾಲದ ಹೆಸರಾಂತ ವೈದ್ಯ ವಿಲಿಯಂ ಆಸ್ಲರ್ ಮೈಗ್ರೇನ್‌ಗೆ ಅದು ಬಹುಶಃ ಅತ್ಯಂತ ತೃಪ್ತಿಕರ ಮದ್ದು ಎಂದರು. 1942ರಲ್ಲಿ ಅಮೆರಿಕದ ಅಧಿಕೃತ ಔಷಧಕೋಶದಿಂದ ಅದನ್ನು ತೆಗೆದುಹಾಕಲಾಯಿತು. ಗಾಂಜಾದಲ್ಲಿರುವ, ಅಮಲು ತರುವ ಅಂಶವಾದ ಟಿಎಚ್‌ಸಿಯನ್ನು ಇಸ್ರೇಲಿನ ರಫೇಲ್ ಮೆಷೋಲಮ್ ಮತ್ತು ಯೆಹಿಯೆಲ್ ಗಾವೊನಿ 1964ರಲ್ಲಿ ಬೇರ್ಪಡಿಸಿದರು. ಅದನ್ನೇ ಹೋಲುವ ಕೆಲಸ ಮಾಡುವ ವಸ್ತು ನಮ್ಮ ಮಿದುಳಿನಲ್ಲೇ ಇದೆ ಎಂದು 1992ರಲ್ಲಿ ಗೊತ್ತಾದಾಗ ಅದಕ್ಕೆ ಸಂಸ್ಕೃತದ ಆನಂದ ಪದದಿಂದ ಆನಂದಮೈಡ್ ಎಂದು ಹೆಸರಿಟ್ಟರು. ನೋವು, ವಾಕರಿಕೆ ಎರಡನ್ನೂ ನಿಯಂತ್ರಿಸುವ ವ್ಯವಸ್ಥೆಯಲ್ಲಿ ಅದು ಭಾಗಿ. ಗಾಂಜಾ ಮೈಗ್ರೇನ್ ಮೇಲೆ ಪರಿಣಾಮ ಬೀರಬಹುದು ಎಂಬ ತರ್ಕ ಇಲ್ಲಿಂದ ಬಂದದ್ದು.

ತರ್ಕಕ್ಕಿಂತ ಮುಖ್ಯ ಪ್ರಯೋಗ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯೇಗೊ ಶಾಖೆಯಲ್ಲಿ ಡಾ. ನಥಾನಿಯಲ್ ಶುಸ್ಟರ್ ತಂಡ ನಡೆಸಿ 2024ರಲ್ಲಿ ಹೊರತಂದ ಪ್ರಯೋಗ ಇಂದಿಗೆ ನಮ್ಮ ಕೈಯಲ್ಲಿರುವ ಅತ್ಯುತ್ತಮ ಪುರಾವೆ. 92 ರೋಗಿಗಳು, 247 ಮೈಗ್ರೇನ್‌ಗಳು. ಯಾವುದನ್ನು ಸೇದುತ್ತಿದ್ದೇವೆ ಎಂಬುದು ರೋಗಿಗಳಿಗಾಗಲೀ ವೈದ್ಯರಿಗಾಗಲೀ ಗೊತ್ತಿರಲಿಲ್ಲ. ಶೇಕಡ 6ರಷ್ಟು ಟಿಎಚ್‌ಸಿ ಮತ್ತು ಶೇಕಡ 11ರಷ್ಟು ಸಿಬಿಡಿ (ಗಾಂಜಾದಲ್ಲಿರುವ, ಅಮಲು ತರದ ಇನ್ನೊಂದು ಅಂಶ) ಎರಡೂ ಇರುವ ಹೂವನ್ನು ಉಪಕರಣದಲ್ಲಿ ಆವಿ ಮಾಡಿ ಸೇದಿದಾಗ, ಎರಡು ಗಂಟೆಯಲ್ಲಿ ಶೇಕಡ 67ರಷ್ಟು ಸಲ ನೋವು ತಗ್ಗಿತು. ಔಷಧವಿಲ್ಲದ ಹುಸಿ ಹೂವಿನಿಂದ ಶೇಕಡ 47ರಷ್ಟು. ನೋವು ಪೂರ್ತಿ ಹೋದದ್ದು ಶೇಕಡ 34.5, ಹುಸಿಯಲ್ಲಿ ಶೇಕಡ 15.5. ಸಿಬಿಡಿ ಒಂದೇ ಇದ್ದ ಹೂವು ಹುಸಿಗಿಂತ ಮೇಲೇನೂ ಆಗಲಿಲ್ಲ.

ಈ ಅಂಕಿಗಳನ್ನು ನಿಧಾನವಾಗಿ ಓದಿ. ಪರಿಣಾಮ ನಿಜ. ಆದರೆ ಇದು ಅಳತೆ ಗೊತ್ತಿರುವ, ಪರೀಕ್ಷೆಗೊಳಪಟ್ಟ, ಆವಿಯ ರೂಪದ, ಎರಡೂ ಅಂಶ ಸೇರಿದ ಔಷಧದ ಫಲಿತಾಂಶ. ಬೀದಿಯಲ್ಲಿ ಕದ್ದು ಮಾರುವ, ತಂಬಾಕು ಬೆರೆಸಿ ಸೇದುವ ಪುಡಿಗೆ ಇದನ್ನು ಅನ್ವಯಿಸಲಾಗದು. ಜಾಹೀರಾತಿನ ‘ಶುದ್ಧ ಸಿಬಿಡಿ ಎಣ್ಣೆ’ಗೂ ಇದು ಸಾಕ್ಷಿಯಲ್ಲ, ಬದಲಿಗೆ ಪ್ರಶ್ನೆಯನ್ನೇ ಎತ್ತುತ್ತದೆ. ದಿನವೂ ತೆಗೆದುಕೊಂಡರೆ ಮೈಗ್ರೇನ್ ಬರುವುದನ್ನೇ ತಡೆಯುತ್ತದೆ ಎನ್ನಲು ಇಷ್ಟು ಗಟ್ಟಿಯಾದ ಆಧಾರವಿಲ್ಲ. ಸ್ಟ್ಯಾನ್‌ಫರ್ಡ್‌ನಲ್ಲಿ ದೀರ್ಘಕಾಲದ ಮೈಗ್ರೇನ್ ರೋಗಿಗಳ ದಾಖಲೆಗಳನ್ನು ನೋಡಿದ ವೈದ್ಯರಿಗೆ, ಗಾಂಜಾ ಬಳಸುವವರಲ್ಲಿ ಔಷಧದ ಅತಿಬಳಕೆಯ ತಲೆನೋವು ಹೆಚ್ಚಾಗಿ ಕಂಡಿತು. ಯಾವುದು ಯಾವುದಕ್ಕೆ ಕಾರಣ ಎಂದು ಆ ದಾಖಲೆಗಳಿಂದ ತೀರ್ಮಾನಿಸಲಾಗದು. ಆದರೂ ಮಾತ್ರೆಗೆ ಇಟ್ಟ ವಾರಕ್ಕೆ ಎರಡು ದಿನದ ಮಿತಿಯನ್ನು ಇದಕ್ಕೂ ಇಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಕಾನೂನು. 1985ರ ಮಾದಕ ದ್ರವ್ಯ ಕಾಯ್ದೆಯಡಿ ಗಾಂಜಾ, ಅಂದರೆ ಗಿಡದ ಹೂತುದಿ, ಮತ್ತು ಚರಸ್ ನಿಷಿದ್ಧ. ಒಂದು ಕಿಲೋಗಿಂತ ಕಡಿಮೆ ಇಟ್ಟುಕೊಂಡಿದ್ದರೂ ಒಂದು ವರ್ಷದವರೆಗೆ ಜೈಲು, ಹತ್ತು ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ‘ಮೈಗ್ರೇನ್‌ಗಾಗಿ’ ಎಂಬುದು ಪೊಲೀಸರ ಮುಂದೆ ನಡೆಯುವ ಸಮಜಾಯಿಷಿಯಲ್ಲ. ಹೂತುದಿ ಸೇರದ ಬರಿಯ ಎಲೆ ಮತ್ತು ಬೀಜ ಆ ಕಾಯ್ದೆಯ ವ್ಯಾಖ್ಯೆಯೊಳಗೆ ಬರುವುದಿಲ್ಲ. ಭಂಗಿಯ ಪ್ರಕರಣವೊಂದರಲ್ಲಿ ಕರ್ನಾಟಕ ಹೈಕೋರ್ಟ್ 2022ರಲ್ಲಿ ಜಾಮೀನು ಕೊಡುವಾಗ ಇದನ್ನೇ ಎತ್ತಿಹೇಳಿತು. ಆದರೆ ಅದು ಜಾಮೀನಿನ ಆದೇಶ. ಭಂಗಿ ಇನ್ನೂ ರಾಜ್ಯದ ಅಬಕಾರಿ ಕಾನೂನಿನ ಕೆಳಗಿದೆ. ಹಬ್ಬದಲ್ಲಿ ಅರೆದು ಕುಡಿಯುವ ಭಂಗಿಯಲ್ಲಿ ಟಿಎಚ್‌ಸಿ ಎಷ್ಟಿದೆ ಎಂದು ಯಾರೂ ಅಳೆದಿರುವುದಿಲ್ಲ, ಹಾಗಾಗಿ ಅದನ್ನು ಮದ್ದಾಗಿ ಬಳಸುವುದು ಸರಿಯಲ್ಲ.

ಉಳಿಯುವ ದಾರಿ ಆಯುರ್ವೇದದ ‘ವಿಜಯಾ’ ಔಷಧಗಳು. ಗಾಂಜಾ ಗಿಡಕ್ಕೆ ಆಯುರ್ವೇದದಲ್ಲಿ ಇರುವ ಹೆಸರೇ ವಿಜಯಾ. ಇವು ಎಲೆಯಿಂದ ತಯಾರಾಗಿ, ಆಯುಷ್ ಪರವಾನಗಿಯಡಿ, ಆಯುರ್ವೇದ ವೈದ್ಯರ ಚೀಟಿಯ ಮೇಲೆ ಸಿಗುತ್ತವೆ. ಈ ದಾರಿ ಹಿಡಿಯುವವರು ಮಾಡಬೇಕಾದದ್ದು ಹೀಗೆ.

ನೋಂದಾಯಿತ ವೈದ್ಯರನ್ನು ಎದುರಿಗೆ ಕಂಡು ಮಾತನಾಡಿ. ಜಾಹೀರಾತಿನ ಕೊಂಡಿ ಒತ್ತಿ, ಎರಡು ನಿಮಿಷದ ಕರೆಯಲ್ಲಿ ಸಿಗುವ ಚೀಟಿಯನ್ನು ನಂಬಬೇಡಿ. ನೀವು ನುಂಗುವ ಎಲ್ಲ ಮಾತ್ರೆಗಳ ಹೆಸರನ್ನೂ ಹೇಳಿ, ಏಕೆಂದರೆ ಸಿಬಿಡಿ ಯಕೃತ್ತಿನ ಕಿಣ್ವಗಳನ್ನು ತಡೆದು ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್, ಫಿಟ್ಸ್‌ಗೆ ಕೊಡುವ ಕ್ಲೊಬಜಾಮ್‌ನಂಥ ಔಷಧಗಳ ಮಟ್ಟವನ್ನು ರಕ್ತದಲ್ಲಿ ಏರಿಸುತ್ತದೆ. ಬಾಟಲಿಯ ಮೇಲೆ ತಯಾರಿಕಾ ಪರವಾನಗಿಯ ಸಂಖ್ಯೆ, ಬ್ಯಾಚ್, ವೈದ್ಯರ ಮೇಲ್ವಿಚಾರಣೆಯಲ್ಲಿ ಸೇವಿಸಬೇಕೆಂಬ ಎಚ್ಚರಿಕೆ ಇರಬೇಕು. ಪ್ರತಿ ಮಿಲಿಲೀಟರಿನಲ್ಲಿ ಟಿಎಚ್‌ಸಿ ಎಷ್ಟು, ಸಿಬಿಡಿ ಎಷ್ಟು ಎಂದು ಪ್ರಯೋಗಾಲಯದ ವರದಿ ಕೇಳಿ. ಕೊಡದಿದ್ದರೆ ಕೊಳ್ಳಬೇಡಿ. ‘ಹೆಂಪ್ ಬೀಜದ ಎಣ್ಣೆ’ ಎಂದಿದ್ದರೆ ಅದು ಗಾಂಜಾ ಗಿಡದ ಬೀಜದಿಂದ ತೆಗೆದ ಆಹಾರ. 2021ರಲ್ಲಿ ಅದಕ್ಕೆ ಆಹಾರ ಸುರಕ್ಷತಾ ಪ್ರಾಧಿಕಾರದ ಮಾನ್ಯತೆ ಸಿಕ್ಕಿದೆ. ಅದರಲ್ಲಿ ಮೈಗ್ರೇನ್‌ಗೆ ಬೇಕಾದದ್ದು ಏನೂ ಇಲ್ಲ.

ಮೊದಲ ಸಲ ರಜೆಯ ಹಿಂದಿನ ರಾತ್ರಿ, ಮನೆಯಲ್ಲಿ ಇನ್ನೊಬ್ಬರು ಎಚ್ಚರವಾಗಿರುವಾಗ ತೆಗೆದುಕೊಳ್ಳಿ. ಬಾಯಿಯಿಂದ ತೆಗೆದುಕೊಂಡದ್ದು ಕೆಲಸ ಶುರುಮಾಡಲು ಅರ್ಧ ಗಂಟೆಯಿಂದ ಎರಡು ಗಂಟೆ ಬೇಕು, ಪರಿಣಾಮ ಆರೆಂಟು ಗಂಟೆ ಉಳಿಯಬಹುದು. ‘ಏನೂ ಆಗಲಿಲ್ಲ’ ಎಂದು ಒಂದು ಗಂಟೆಗೆ ಇನ್ನೊಂದು ಪಾಲು ತೆಗೆದುಕೊಳ್ಳುವವರೇ ಎದೆ ಬಡಿತ, ಭಯ, ತಲೆಸುತ್ತಿನಿಂದ ಆಸ್ಪತ್ರೆ ಸೇರುತ್ತಾರೆ. ವಿದೇಶಗಳಲ್ಲಿ ವೈದ್ಯರು 2.5 ಮಿಲಿಗ್ರಾಂ ಟಿಎಚ್‌ಸಿ ಅಥವಾ ಇನ್ನೂ ಕಡಿಮೆಯಿಂದ ಆರಂಭಿಸುತ್ತಾರೆ. ಎಷ್ಟೇ ಹನಿ ಬರೆದುಕೊಟ್ಟರೂ ಆ ಹನಿಗಳನ್ನು ಮಿಲಿಗ್ರಾಂಗೆ ಲೆಕ್ಕ ಹಾಕಿ ತೋರಿಸಿ ಎಂದು ವೈದ್ಯರನ್ನೇ ಕೇಳಿ. ಆ ದಿನ ಸ್ಕೂಟರ್ ಆಗಲೀ ಕಾರಾಗಲೀ ಬೇಡ. ಮದ್ಯ, ನಿದ್ದೆ ಮಾತ್ರೆ ಜೊತೆಗಿರಬಾರದು. ಮಕ್ಕಳ ಕೈಗೆ ಸಿಗದಂತೆ ಬೀಗದಲ್ಲಿಡಿ. ಕ್ಯಾಲೆಂಡರಿನಲ್ಲಿ ಇದಕ್ಕೂ ಒಂದು ಗುರುತು ಹಾಕಿ. ಮೂರು ನಾಲ್ಕು ಮೈಗ್ರೇನ್‌ಗಳಲ್ಲಿ ಪ್ರಯೋಜನ ಕಾಣದಿದ್ದರೆ ಪ್ರಮಾಣ ಏರಿಸುತ್ತ ಹೋಗದೆ ನಿಲ್ಲಿಸಿ.

ಯಾರು ಮುಟ್ಟಲೇಬಾರದು? ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಹದಿಹರೆಯದವರು. ಮಿದುಳು ಇನ್ನೂ ಬೆಳೆಯುತ್ತಿರುವ ಇಪ್ಪತ್ತರ ಆಸುಪಾಸಿನವರನ್ನೂ ನಾನು ಇದರಲ್ಲಿ ಸೇರಿಸುತ್ತೇನೆ. ತಮಗೆ ಅಥವಾ ಒಡಹುಟ್ಟಿದವರಿಗೆ, ತಂದೆತಾಯಿಗೆ ಸ್ಕಿಜೋಫ್ರೇನಿಯ, ಬೈಪೋಲಾರ್ ಕಾಯಿಲೆ ಇರುವವರು, ಹೃದ್ರೋಗಿಗಳು ಕೂಡ. ದಿನವೂ ಬಳಸುವವರಿಗೆ ಚಟ ಹತ್ತಬಹುದು. ವರ್ಷಗಟ್ಟಲೆ ಬಳಸಿದ ಕೆಲವರಿಗೆ ಬಿಡದ ವಾಂತಿಯ ಕಾಯಿಲೆ ಬರುತ್ತದೆ, ಬಿಸಿನೀರಿನ ಸ್ನಾನದಿಂದ ಮಾತ್ರ ಸ್ವಲ್ಪ ಹಿತವೆನಿಸುತ್ತದೆ. ಅದನ್ನು ಮೈಗ್ರೇನ್ ವಾಂತಿ ಎಂದುಕೊಂಡು ಇನ್ನಷ್ಟು ಗಾಂಜಾ ತೆಗೆದುಕೊಂಡರೆ ಸ್ಥಿತಿ ಹದಗೆಡುತ್ತದೆ.

ಹೊರದೇಶದಲ್ಲಿರುವವರಿಗೆ ಒಂದೆರಡು ಮಾತು. ಕೆನಡಾದಲ್ಲಿ 2018ರ ಅಕ್ಟೋಬರ್‌ನಿಂದ ವಯಸ್ಕರಿಗೆ ಗಾಂಜಾ ಕಾನೂನುಬದ್ಧ. ಆದರೂ ಗಡಿ ದಾಟಿಸುವುದು ಅಪರಾಧ. ಅಮೆರಿಕದ ಹಲವು ರಾಜ್ಯಗಳಲ್ಲಿ ಅನುಮತಿ ಇದ್ದರೂ ಒಕ್ಕೂಟದ ಕಾನೂನಿನಲ್ಲಿ ಅದು ನಿಷಿದ್ಧವೇ. ಎಚ್-1ಬಿ ವೀಸಾ ಅಥವಾ ಗ್ರೀನ್ ಕಾರ್ಡ್ ಮೇಲಿರುವವರು ಬಳಸಿದ್ದನ್ನು ಒಪ್ಪಿಕೊಂಡದ್ದೇ ಮರುಪ್ರವೇಶಕ್ಕೆ, ಪೌರತ್ವಕ್ಕೆ ಅಡ್ಡಿಯಾಗಬಹುದು. ಮೊದಲು ವಲಸೆ ವಕೀಲರನ್ನು ಕೇಳಿ. ಊರಿಗೆ ಬರುವಾಗ ಅಮ್ಮನಿಗೆಂದು ಒಂದು ಬಾಟಲಿ ತರುವುದಂತೂ ಬೇಡ. ದುಬೈ, ಸಿಂಗಪುರದಂಥ ನಿಲ್ದಾಣಗಳಲ್ಲಿ ವಿಮಾನ ಬದಲಿಸುವವರ ಚೀಲದಲ್ಲಿ ಅದು ಸಿಕ್ಕರೆ ಪರಿಣಾಮ ಕಠೋರ. ಕೆಲಸಕ್ಕೆ ಮೂತ್ರ ಪರೀಕ್ಷೆ ಇರುವವರು ನೆನಪಿಡಿ, ಟಿಎಚ್‌ಸಿಯ ಗುರುತು ಮೂತ್ರದಲ್ಲಿ ದಿನಗಟ್ಟಲೆ, ನಿತ್ಯ ಬಳಸುವವರಲ್ಲಿ ವಾರಗಟ್ಟಲೆ ಉಳಿಯುತ್ತದೆ.

ಎಂಟನೆಯದು: ವೈದ್ಯರ ಬಳಿ ಹೋಗುವಾಗ

ನಿಮ್ಹಾನ್ಸ್‌ನ ಹೊರರೋಗಿ ವಿಭಾಗವಾಗಲೀ ಜಿಲ್ಲಾಸ್ಪತ್ರೆಯ ತಜ್ಞರಾಗಲೀ, ಜನಸಂದಣಿಯಲ್ಲಿ ನಿಮಗೆ ಸಿಗುವುದು ಕೆಲವೇ ನಿಮಿಷ. ಕ್ಯಾಲೆಂಡರಿನ ಮೂರು ಹಾಳೆ, ಈವರೆಗೆ ನುಂಗಿದ ಔಷಧಗಳ ಖಾಲಿ ಪೊಟ್ಟಣಗಳು, ರಕ್ತದೊತ್ತಡದ ಲೆಕ್ಕ, ಹಳೆಯ ಸ್ಕ್ಯಾನ್ ಇದ್ದರೆ ಅದು: ಇವಿಷ್ಟನ್ನು ಒಂದು ಕೈಚೀಲದಲ್ಲಿ ಒಯ್ಯಿರಿ. ಎಲ್ಲಕ್ಕಿಂತ ಮೊದಲು ಹೇಳಬೇಕಾದ ವಾಕ್ಯ ಇದು: ‘ತಿಂಗಳಿಗೆ ಇಷ್ಟು ದಿನ ನೋವು, ಇಷ್ಟು ದಿನ ಮಾತ್ರೆ, ಇಷ್ಟು ದಿನ ಕೆಲಸ ತಪ್ಪಿತು.’ ಗಾಂಜಾ ಅಥವಾ ವಿಜಯಾ ಬಳಸಿದ್ದರೆ ಅದನ್ನೂ ಮುಚ್ಚಿಡದೆ ಹೇಳಿ. ಮನೆಯವರು ಜೊತೆಯಲ್ಲಿದ್ದು ಸಂಕೋಚವಾದರೆ ಅವರನ್ನು ಎರಡು ನಿಮಿಷ ಹೊರಗೆ ಕೂರಿಸಲು ವೈದ್ಯರಿಗೆ ಹೇಳಬಹುದು. ಏಳುವ ಮುಂಚೆ ಮೂರು ಪ್ರಶ್ನೆ ಕೇಳಿ ಉತ್ತರವನ್ನು ಚೀಟಿಯ ಹಿಂದೆ ಬರೆದುಕೊಳ್ಳಿ: ನೋವು ಬಂದ ತಕ್ಷಣ ಯಾವುದನ್ನು, ಎಷ್ಟು ನುಂಗಲಿ? ಎರಡು ಗಂಟೆಯಲ್ಲಿ ಇಳಿಯದಿದ್ದರೆ ಮುಂದೇನು? ತಡೆಯುವ ಔಷಧ ನನಗೆ ಬೇಕೇ, ಬೇಕಾದರೆ ಎಷ್ಟು ತಿಂಗಳು?